ಮಜ್ಜಿಗೆಯೆಂದು ಕೊಟ್ಟ ಮಜ್ಜೆ

ನನ್ನ ದೊಡ್ಡವ್ವ ತನ್ನ ಎಲುಬಿನ ಮಜ್ಜೆಯನ್ನು ನನಗೆ ಕೊಟ್ಟಿದ್ದು ಮಜ್ಜಿಗೆ ಎಂದು ತಿಳಿದು. ಮೊದಮೊದಲು ನಾನು ಈ ಮಾತನ್ನು, ದೊಡ್ಡವ್ವ ಎನ್ನದೆ ಯಾರೋ ಒಬ್ಬ ಮುದುಕಿ ಎಂದು, ನಗುತ್ತ ಹೇಳುತ್ತಿದ್ದೆ. ಕ್ಯಾಂಟೀನಿನಲ್ಲಿ ಹೇಳಿದರೆ ಎಲ್ಲರೂ ಚಹಾ ಚೆಲ್ಲಿಕೊಂಡು ನಗುತ್ತಿದ್ದರು. ಈಗ ಹೇಳುವುದಿಲ್ಲ. ಬರೆಯುತ್ತಿದ್ದೇನೆ, ಏಕೆಂದರೆ ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ಅವಳ ಮನೆ, ಎಮ್ಮೆ, ನಾಲ್ಕು ಹೊಲ. ನಾನು ಹುಟ್ಟಿದ್ದು ಬೆಳಗಾವಿಯ ವಡಗಾವಿಯಲ್ಲಿ, ಮಗ್ಗದ ಖಟಾಪಟಿಯ ನಡುವೆ. ನನಗೆ ಆರು ವರ್ಷವಾದಾಗ ಅವ್ವನಿಗೆ ಕ್ಷಯ ಹಿಡಿಯಿತು. ಕೂಸಿಗೆ ಅಂಟೀತು ಎಂದು ನನ್ನನ್ನು ದೊಡ್ಡವ್ವನ ಮನೆಗೆ ಕಳಿಸಿದರು. ಮೂರು ವರ್ಷ ಅಲ್ಲೇ ಇದ್ದೆ. ಅವ್ವ ಗುಣವಾಗಿ ನನ್ನನ್ನು ಕರೆದೊಯ್ಯಲು ಬಂದಾಗ ನಾನು ದೊಡ್ಡವ್ವನ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿ, ಬಂದವಳು ಯಾರೆಂದು ಕೇಳಿದ್ದೆನಂತೆ. ನನ್ನ ಅವ್ವ ಆ ಮಾತನ್ನು ಸಾಯುವತನಕ ಮರೆಯಲಿಲ್ಲ. ದೊಡ್ಡವ್ವನಿಗೆ ಒಬ್ಬಳೇ ಮಗಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ನನಗೆ ಅಕ್ಕ. ಲಗ್ನವಾದ ಮೇಲೂ ಗಂಡನೊಂದಿಗೆ ಅದೇ ಮನೆಯಲ್ಲಿ ಉಳಿದಳು.

ನಾನು ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿದ್ದೇನೆ. ಮಾಡುವ ಕೆಲಸ ಇಷ್ಟು. ಎಲುಬಿನೊಳಗಿನ ಮಜ್ಜೆಯಲ್ಲಿ ಆಕರಕೋಶಗಳಿರುತ್ತವೆ, ಸ್ಟೆಮ್ ಸೆಲ್ ಎಂದು ಪೇಪರಿನಲ್ಲಿ ಓದಿರುತ್ತೀರಿ. ಇನ್ನೂ ಏನೂ ಆಗದೆ, ಬೇಕಾದರೆ ಎಲುಬಾದೇನು, ಬೇಕಾದರೆ ಕೊಬ್ಬಾದೇನು ಎಂದು ಕಾಯುತ್ತ ಕೂತ ಕೋಶಗಳು. ಅವನ್ನು ಮೈಯಿಂದ ಹೊರತಂದು ತಟ್ಟೆಯ ಮೇಲೆ ಚಪ್ಪಟೆ ಮಲಗಿಸಿದರೆ ದಿಕ್ಕು ತಪ್ಪಿದವರಂತೆ ಆಡುತ್ತವೆ. ಒಳಗೆ ಇದ್ದಂಥದೇ ಮನೆ ಅವಕ್ಕೆ ಹೊರಗೂ ಬೇಕು. ಆ ಮನೆಯನ್ನು ನಾವು ನೀರು ಹಿಡಿದಿಟ್ಟುಕೊಳ್ಳುವ ಜೆಲ್‌ನಿಂದ ಕಟ್ಟುತ್ತೇವೆ. ಬಿಸ್ಕೀಟಿನಷ್ಟು ದೊಡ್ಡ ಒಂದು ಚಿಪ್, ಅದರಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ನಡುವಿನ ಕಾಲುವೆಯಲ್ಲಿ ಕೋಶ ಬೆರೆಸಿದ ಜೆಲ್‌ನ ನೀರು ಬರುತ್ತದೆ, ಎರಡೂ ಬದಿಯಿಂದ ಎಣ್ಣೆ ಬಂದು ಅದನ್ನು ಚಿವುಟುತ್ತದೆ. ಚಿವುಟಿದಂತೆಲ್ಲ ಹನಿ. ಒಂದೊಂದು ಹನಿಯಲ್ಲಿ ಒಂದು ಕೋಶ, ಹೆಚ್ಚೆಂದರೆ ಎರಡು. ಹನಿ ಗಟ್ಟಿಯಾದರೆ ಮನೆ ತಯಾರು, ಉಪ್ಪಿನ ಹರಳಿಗಿಂತ ಸಣ್ಣದು. ಜೆಲ್ ಮೆತ್ತಗಿದ್ದರೆ ಕೋಶ ತಾನಿನ್ನೂ ಮಜ್ಜೆಯಲ್ಲೇ ಇದ್ದೇನೆಂದು ನಂಬಿ ಸುಮ್ಮನೆ ಇರುತ್ತದೆ. ಬಿರುಸಾಗಿದ್ದರೆ ಎಲುಬು ಕಟ್ಟಲು ಶುರುಮಾಡುತ್ತದೆ. ಯಾರೂ ಹೇಳಿಕೊಡಬೇಕಿಲ್ಲ, ಗೋಡೆ ಮುಟ್ಟಿ ನೋಡಿ ತಾನೇ ತಿಳಿಯುತ್ತದೆ. ಅದನ್ನು ನಂಬಿಸುವುದೇ ನನ್ನ ಉದ್ಯೋಗ. ಮೋಸ ಎನ್ನಿ ಬೇಕಾದರೆ, ನನಗೇನೂ ಬೇಜಾರಿಲ್ಲ.

ಚಿಪ್ ನಡೆಸುವವಳು ನನ್ನ ಜತೆಗಾರ್ತಿ. ಅವಳ ಅಪ್ಪನಿಗೆ ರವಿವಾರ ಪೇಟೆಯಲ್ಲಿ ಎಣ್ಣೆಯ ಹೋಲ್‌ಸೇಲ್ ಅಂಗಡಿ. ಮನೆಯಲ್ಲಿ ದಖ್ಖನಿ ಉರ್ದು ಆಡುತ್ತಾಳೆ, ಲ್ಯಾಬಿನಲ್ಲಿ ನಮ್ಮ ಕನ್ನಡವನ್ನು ನನಗಿಂತ ಜೋರಾಗಿ ಆಡುತ್ತಾಳೆ. “ನಮ್ಮಪ್ಪ ಎಣ್ಣಿ ಮಾರಿ ಮನಿ ಕಟ್ಟಿದಾ, ನಾ ಎಣ್ಣ್ಯಾಗ ಮನಿ ಕಟ್ಟಾಕತ್ತೇನಿ” ಎಂದು ಬಂದವರಿಗೆಲ್ಲ ಹೇಳುವುದು ಅವಳ ಚಟ. ಹನಿಗೆ ‘ಮನಿ’ ಎಂಬ ಹೆಸರು ಬಂದದ್ದೂ ಅವಳಿಂದಲೇ.

ದೀಪಾವಳಿ ಮುಗಿದ ವಾರ ದೊಡ್ಡವ್ವ ಕೊಟ್ಟಿಗೆಯಲ್ಲಿ ಸಗಣಿಯ ಮೇಲೆ ಜಾರಿ ಬಿದ್ದಳು. ತೊಡೆಯ ಎಲುಬು ಕೀಲಿನ ಹತ್ತಿರ ಮುರಿಯಿತು. ಬೆಳಗಾವಿಗೆ ತಂದೆವು. ಎಲುಬಿನೊಳಗೆ ಸಲಾಕೆ ಕೂರಿಸಬೇಕು ಎಂದರು. ಅದಕ್ಕೆ ಎಲುಬು ಕೊರೆದಾಗ ಒಂದಿಷ್ಟು ಮಜ್ಜೆ ಹೊರಬರುತ್ತದೆ, ಸಾಮಾನ್ಯವಾಗಿ ಅದು ಕಸಕ್ಕೆ. ರೋಗಿ ಒಪ್ಪಿದರೆ ನಮಗೆ ಕೊಡುತ್ತಾರೆ. ಒಪ್ಪಿಗೆ ಕೇಳಬೇಕಾದವರು ಬೇರೆಯವರು, ಆ ಕೋಶಗಳ ಮೇಲೆ ಕೆಲಸ ಮಾಡುವವರು ಕೇಳಬಾರದು, ಯಾರದೆಂದು ಅವರಿಗೆ ಗೊತ್ತೂ ಇರಬಾರದು. ಅದು ನಿಯಮ. ಆವತ್ತು ಕೇಳುವವರು ರಜೆಯಲ್ಲಿದ್ದರು. ನಾನೇ ಕಾಗದ ತೆಗೆದುಕೊಂಡು ಮಂಚದ ಹತ್ತಿರ ಹೋದೆ. ನನ್ನ ದೊಡ್ಡವ್ವನ ಹತ್ತಿರ ಹೋಗಲು ನನಗೆ ಯಾರಪ್ಪನ ಅಪ್ಪಣೆ ಬೇಕು ಎಂಬ ಸೊಕ್ಕು.

“ಶಸ್ತ್ರಚಿಕಿತ್ಸೆಯ ವೇಳೆ ಉಳಿಯುವ ಅಸ್ಥಿಮಜ್ಜೆಯನ್ನು ಸಂಶೋಧನೆಗೆ ಬಳಸಲು ನನ್ನ ಒಪ್ಪಿಗೆ ಇದೆ” ಎಂದು ಓದಿದೆ.

“ಉಳದ ಮಜ್ಜಿಗಿ?” ಎಂದಳು ದೊಡ್ಡವ್ವ. ನೋವಿನ ಇಂಜೆಕ್ಷನ್ನಿಗೆ ಕಣ್ಣು ಅರ್ಧ ಮುಚ್ಚಿದ್ದವು.

“ಮಜ್ಜಿಗಿ ಅಲ್ಲ ದೊಡ್ಡವ್ವಾ, ಮಜ್ಜಿ. ಎಲುಬಿನ್ಯಾಗಿಂದು.”

“ಅದ ಅಂತೀನಿ. ಉಳದ ಮಜ್ಜಿಗಿ ಯಾರ ಕೇಳಿದ್ರೂ ಇಲ್ಲ ಅನಬಾರದು. ಅದಕ್ಯಾಕ ಇಷ್ಟ ದೊಡ್ಡ ಪುರಾಣಾ? ಮಜ್ಜಿಗಿಗೆ ಬಂದಾಕಿ ಎಮ್ಮಿ ಬೆಲಿ ಯಾಕ ಕೇಳ್ತಿ?”

ಅಕ್ಕ ಮಂಚದ ಕಾಲಕಡೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆದರೂ ನನ್ನ ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ. “ಹೆಪ್ಪು ಇದ್ಹಂಗ ದೊಡ್ಡವ್ವಾ. ಒಂದ ಚಮಚಾ ಇಟಗೊಂಡು ಅದರಾಗಿಂದನ ಮತ್ತ ಬೆಳಸ್ತೀವಿ” ಎಂದೆ.

“ಹಂಗನ್ನಲಾ ಮತ್ತ. ಹೆಪ್ಪು ಅಂದ್ರ ತಿಳೀತು. ಒಯ್ಯಿ. ಹೊತ್ತು ಮುಣಗಿದ ಮ್ಯಾಲ ಮಾತ್ರ ಯಾರಿಗೂ ಕೊಡಬ್ಯಾಡ.” ಹೀಗೆಂದು ಹೆಬ್ಬೆಟ್ಟು ಚಾಚಿದಳು. ನಾನೇ ಮಸಿ ಹಚ್ಚಿ ಒತ್ತಿಸಿಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಹದಿನೈದು ದಿನಕ್ಕೆ ಕೋಲು ಹಿಡಿದು ನಿಂತಳು, ಪಾರಿಶ್ವಾಡಕ್ಕೆ ಹೋದಳು. ಮಜ್ಜೆ ನನ್ನ ಬಳಿ ಉಳಿಯಿತು. ನಮ್ಮ ಪಟ್ಟಿಯಲ್ಲಿ ಅದಕ್ಕೆ ಹನ್ನೊಂದು ಎಂಬ ಅಂಕಿ ಬಿತ್ತು, ಹೆಸರಿಲ್ಲ. ಮುದಿ ಮಜ್ಜೆಯ ಕೋಶಗಳು ಸಾಮಾನ್ಯವಾಗಿ ಸೋಮಾರಿ, ಅದಕ್ಕೆ ಜತೆಗಾರ್ತಿ ಹನ್ನೊಂದಕ್ಕೆ ಅಜ್ಜಿ ಎಂದು ಕರೆದಳು. ಯಾರ ಅಜ್ಜಿ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ.

ಒಂದು ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ನನ್ನನ್ನು ಎಳೆದು ಕೂರಿಸಿದಳು. ಕ್ಯಾಮೆರಾ ಹತ್ತು ನಿಮಿಷಕ್ಕೊಂದರಂತೆ ತೆಗೆದ ಚಿತ್ರಗಳನ್ನು ಜೋಡಿಸಿದ್ದಳು, ಎರಡು ದಿನ ಅರ್ಧ ನಿಮಿಷದಲ್ಲಿ ಓಡುತ್ತದೆ. ಮೆತ್ತನೆಯ ಹನಿಯೊಳಗೆ ಒಂದೇ ಕೋಶ. ಅದು ಒಂದು ಸಣ್ಣ ತೋಳು ಚಾಚಿ ಗೋಡೆ ಮುಟ್ಟಿತು, ಹಿಂದಕ್ಕೆ ಎಳೆದುಕೊಂಡಿತು. ಸ್ವಲ್ಪ ಆಚೆ ಮತ್ತೆ ಮುಟ್ಟಿತು, ಮತ್ತೆ ಎಳೆದುಕೊಂಡಿತು. ಹೀಗೇ ಗೋಡೆಗುಂಟ ಸುತ್ತು ಬಂತು. ಎಲ್ಲ ಕೋಶಗಳೂ ಇದನ್ನು ಮಾಡುತ್ತವೆ, ನೂರು ಸಲ ನೋಡಿದ್ದೇನೆ. ಆದರೆ ದೊಡ್ಡವ್ವನಿಗೆ ಎರಡು ವರ್ಷದಿಂದ ಕಣ್ಣಿಗೆ ಪೊರೆ. ಅವಳು ಪಡಸಾಲೆಯಿಂದ ಅಡುಗೆಮನೆಗೆ ಹೋಗುವುದೇ ಹೀಗೆ, ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಗೋಡೆಯನ್ನು ಒಮ್ಮೆ ತಾಗಿಸಿ, ಬಿಟ್ಟು, ಮುಂದೆ ಮತ್ತೆ ತಾಗಿಸಿ.

“ಅಜ್ಜಿ ಮನಿ ನೋಡಾಕತ್ತಾಳ” ಎಂದಳು ಜತೆಗಾರ್ತಿ ಖುಷಿಯಿಂದ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ದೊಡ್ಡವ್ವ ತೀರಿಕೊಂಡಳು. ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ಚಳಿಗೆ ಜ್ವರ ಬಂತು, ಎದೆಗೆ ಇಳಿಯಿತು, ಎಂಟು ದಿನದಲ್ಲಿ ಮುಗಿಯಿತು. ನಾನು ಮುಂಜಾನೆಯ ಬಸ್ಸಿಗೆ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ನಾನು ಅತ್ತೆ, ನಾಚಿಕೆ ಬಿಟ್ಟು ಅತ್ತೆ, ನನ್ನ ಹೆತ್ತವ್ವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವಳ ಹಣೆಗೆ ಕೈಯಿಟ್ಟೆ. ಕಲ್ಲಿನಂತೆ ತಣ್ಣಗಿತ್ತು. ಆಗ ನೆನಪಾಯಿತು, ಬೆಳಗಾವಿಯಲ್ಲಿ, ಬೀರುವಿನಂಥ ಒಂದು ಪೆಟ್ಟಿಗೆಯೊಳಗೆ, ಇದೇ ಹೊತ್ತಿಗೆ ಇವಳು ಮೂವತ್ತೇಳು ಡಿಗ್ರಿ ಬೆಚ್ಚಗಿದ್ದಾಳೆ. ಹಾವು ತುಳಿದವಳಂತೆ ಕೈ ಹಿಂದೆಗೆದೆ. ಅಕ್ಕ ನನ್ನನ್ನೇ ನೋಡಿದಳು.

ಅಂದು ಅಡುಗೆಮನೆಯಿಂದ ನೀರು, ಹಾಲು, ಮಾಡಿಟ್ಟ ಅನ್ನ ಎಲ್ಲ ಹೊರಗೆ ಹೋದವು. ನೆರೆಮನೆಯವರು ಬಂದು ಚೆಲ್ಲಿದರು. ಹೆಪ್ಪಿನ ಗಡಿಗೆಯನ್ನೂ ತಿಪ್ಪೆಗೆ ಸುರಿದು ಬೋರಲು ಹಾಕಿದರು. ಸತ್ತವರ ಮನೆಯ ಹೆಪ್ಪು ಉಳಿಸಬಾರದು. ಸೂತಕ ಕಳೆದ ಮೇಲೆ ಬೇರೆ ಮನೆಯಿಂದ ತಂದು ಹೊಸದಾಗಿ ಹಾಕಬೇಕು. ಇದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಆವತ್ತು ಅದನ್ನು ನೋಡಿ ನನಗೆ ಏನೂ ಹೊಳೆಯಲಿಲ್ಲ.

ಮೂರನೆಯ ದಿನ ಎಲುಬು ಆರಿಸುವುದಕ್ಕೆ ಗಂಡಸರು ಹೊರಟರು. ಗಂಡುಮಕ್ಕಳಿಲ್ಲದ ತಾಯಿ, ನಾನೇ ಬರುತ್ತೇನೆ ಎಂದು ಅಕ್ಕ ಹಟ ಹಿಡಿದಳು. ನಾನೂ ಬೆನ್ನು ಹತ್ತಿದೆ. ಬೂದಿಯಲ್ಲಿ ಮೊದಲು ಸಿಕ್ಕಿದ್ದು ಆ ಉಕ್ಕಿನ ಸಲಾಕೆ, ಕರಗದೆ ಕಪ್ಪಾಗಿತ್ತು. ಅಕ್ಕ ಅದನ್ನು ಬದಿಗಿಟ್ಟು, ಒಂದೊಂದೇ ಎಲುಬಿನ ಚೂರು ಆರಿಸಿ, ಹಾಲಿನಲ್ಲಿ ತೊಳೆದು ಗಡಿಗೆಗೆ ಹಾಕಿದಳು. ಕಿರುಬೆರಳಿನ ಉಗುರಿನಷ್ಟು ಚೂರನ್ನೂ ಬಿಡಲಿಲ್ಲ. ಬೂದಿ ಜಾಲಾಡಿದಳು. “ಒಂದೂ ಉಳೀಬಾರದ ತಂಗೀ, ಉಳದ್ರ ಆಕಿ ಕಾಲ ಇಲ್ಲೇ ಎಳೀತಾವ” ಎಂದಳು. ಖಾನಾಪುರದಲ್ಲಿ ಮಲಪ್ರಭೆಗೆ ಇಳಿದು ಗಡಿಗೆ ಬಿಟ್ಟೆವು. ಅಲ್ಲಿಂದಲೇ ನಾನು ಬೆಳಗಾವಿಯ ಬಸ್ಸು ಹತ್ತಿದೆ.

ಮನೆಗೆ ಹೋಗಿ ಸ್ನಾನ ಮಾಡಿ ಲ್ಯಾಬಿಗೆ ಹೋದಾಗ ಮೂರು ಗಂಟೆಯಿರಬೇಕು. ಕೋಶಗಳಿರುವ ಪೆಟ್ಟಿಗೆಯ ಬಾಗಿಲು ತೆರೆದೆ. ಬೆಚ್ಚನೆಯ, ಒದ್ದೆಯಾದ ಗಾಳಿ ಮುಖಕ್ಕೆ ಬಂತು. ದಿನಾ ಬರುತ್ತದೆ. ಆವತ್ತು ಮಾತ್ರ ಯಾರೋ ತೀರ ಹತ್ತಿರದಿಂದ ಉಸಿರು ಬಿಟ್ಟಂತಾಯಿತು. ಹನ್ನೊಂದರ ತಟ್ಟೆ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಿರುಸು ಜೆಲ್‌ನ ಹನಿಗಳಲ್ಲಿ ನಾನು ಊರಿಗೆ ಹೋಗುವಾಗ ಏನೂ ಇರಲಿಲ್ಲ. ಈಗ ಕೋಶದ ಸುತ್ತ ಕಪ್ಪು ಕಪ್ಪು ನುಚ್ಚು ಕೂತಿತ್ತು.

ಜತೆಗಾರ್ತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದಳು. “ಅರೇ, ಅಜ್ಜಿ ಎಲುಬು ಕಟ್ಟಾಕತ್ತಾಳ! ಈ ವಯಸ್ಸಿನ್ಯಾಗ! ಶಾಬಾಸ್ ಅಜ್ಜಿ!”

ನದಿಗೆ ಬಿಟ್ಟು ಬಂದು ನಾಲ್ಕು ತಾಸು ಕೂಡ ಆಗಿರಲಿಲ್ಲ. ನಾನು ತಟ್ಟೆಯನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದೆ. ತಲೆನೋವೆಂದು ಜತೆಗಾರ್ತಿಗೆ ಸುಳ್ಳು ಹೇಳಿ ಮನೆಗೆ ಹೋದೆ.

ಹತ್ತನೆಯ ದಿನ ಮತ್ತೆ ಮಲಪ್ರಭೆಯ ದಂಡೆ. ಪಿಂಡ ಇಟ್ಟು, ಎಲ್ಲರೂ ದೂರ ಸರಿದು ಕಾಗೆಗೆ ಕಾಯುತ್ತ ನಿಂತೆವು. ಕಾಗೆಗಳಿಗೇನು ಬರ, ಎದುರಿನ ಮರದ ತುಂಬ ಕೂತಿದ್ದವು. ಒಂದೂ ಇಳಿಯಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅದರ ಅರ್ಥ. ಆ ಆಸೆ ಇಂಥದೇ ಎಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಟ್ಟರೆ ಕಾಗೆ ಮುಟ್ಟುತ್ತದೆ. ಭಾವ ಕೈಮುಗಿದು, “ಎಮ್ಮಿ ಮಾರೂದಿಲ್ಲ ಅತ್ತೀ” ಎಂದ. ಕಾಗೆ ಬರಲಿಲ್ಲ. “ಅಕ್ಕಾ ತಂಗಿ ಕೂಡಿ ಇರ್ತೀವಿ ಅವ್ವಾ” ಎಂದು ಅಕ್ಕ ಅತ್ತಳು. ಬರಲಿಲ್ಲ. ಊರ ಹಿರಿಯನೊಬ್ಬ ಬಿಸಿಲಿಗೆ ಬೇಸತ್ತು, “ಯಾರರ ಏನರ ಮುಚ್ಚಿಟ್ಟಿದ್ರ ಈಗ ಹೇಳಿಬಿಡ್ರಿ, ಹೊಟ್ಟಿ ಹಸ್ತಾವ” ಎಂದ. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಮಾತ್ರ ನಗಲಾರದೆ ನೆಲ ನೋಡಿದೆ. ಒಂದು ತಾಸಾದ ಮೇಲೆ ಆಚಾರ್ಯರು ದರ್ಭೆಯಿಂದ ಒಂದು ಕಾಗೆ ಮಾಡಿ ಅದನ್ನೇ ಪಿಂಡಕ್ಕೆ ಮುಟ್ಟಿಸಿದರು. ಹಾಗೂ ಮಾಡಬಹುದಂತೆ. ಹನಿಯೊಳಗೆ ಮಜ್ಜೆಯ ಸುಳ್ಳು ಕಟ್ಟುವ ನಾನು ದರ್ಭೆಯ ಕಾಗೆಯನ್ನು ಹಂಗಿಸುವ ಸ್ಥಿತಿಯಲ್ಲಿರಲಿಲ್ಲ.

ಇದಾಗಿ ಹದಿನೈದು ದಿನಕ್ಕೆ ಅಕ್ಕ ಫೋನ್ ಮಾಡಿದಳು. “ತಂಗೀ, ಮನ್ಯಾಗ ಹಾಲ ಹೆಪ್ಪಾಗವಲ್ದು.”

“ಥಂಡಿ ಐತಿ ಅಕ್ಕಾ. ಹಾಲು ಬೆಚ್ಚಗ ಮಾಡಿ ಗಡಿಗಿ ಜ್ವಾಳದ ಚೀಲದಾಗ ಇಡು.”

“ನನಗ ಕಲಸ್ತಿಯೇನ ಮೊಸರ ಮಾಡೂದು? ಮೂರ ಮನಿ ಹೆಪ್ಪ ತಂದೆ. ಮುಂಜಾನೆ ನೋಡಿದ್ರ ನೀರ ನೀರ, ಮ್ಯಾಲ ಜೊಲ್ಲಿನ್ಹಂಗ ಎಳಿ ಬರ್ತಾವ. ಬಾಜು ಮನ್ಯಾಗ ಅದ ಹೆಪ್ಪ ಕಲ್ಲಿನ್ಹಂಗ ಕುಂದರ್ತೈತಿ.” ನಂತರ ಕೇಳಿದಳು, “ಅವ್ವ ದವಾಖಾನ್ಯಾಗ ನಿನಗೊಂದ ಹೆಪ್ಪ ಕೊಟ್ಟಿದ್ಲಲಾ. ಅದನ್ನ ಚೆಲ್ಲಿದಿ ಹೌದಿಲ್ಲೋ?”

ಸುಳ್ಳು ಹೇಳುವುದು ಸುಲಭವಿತ್ತು. “ಇಲ್ಲ” ಎಂದೆ. “ನಾಳಿಗೆ ಬರ್ತೇನಿ” ಎಂದು ಅಕ್ಕ ಫೋನ್ ಇಟ್ಟಳು.

ಬಂದಳು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು, ನಮ್ಮ ಗೇಟಿನ ಮುಂದೆ ನಿಂತಿದ್ದಳು. ಒಳಗೆ ಕರೆದೊಯ್ದು ಕೂರಿಸಿ ಎಲ್ಲ ಹೇಳಿದೆ. ಎಲುಬಿನ ಮಾತನ್ನೂ ಹೇಳಿದೆ, ಅದನ್ನು ಮುಚ್ಚಿಡಬಹುದಿತ್ತು. ಅವಳು ಬೈಯಲಿಲ್ಲ. ತೋರಿಸು ಎಂದಳು. ನಾನು ಆ ಅರ್ಧ ನಿಮಿಷದ ಚಿತ್ರ ಹಚ್ಚಿದೆ. ಅವಳು ಕುರ್ಚಿಯ ತುದಿಗೆ ಸರಿದು, ತೆರೆಗೆ ಮುಖ ಹತ್ತಿರ ಒಯ್ದು, ಆ ಕೋಶ ಗೋಡೆಗುಂಟ ತಡವರಿಸುವುದನ್ನು ನೋಡಿದಳು. ಮತ್ತೊಮ್ಮೆ ಹಚ್ಚು ಎಂದಳು. ನಾಲ್ಕು ಸಲ ನೋಡಿದಳು.

“ಇದಕ್ಕ ಬಾಗಲಾ ಎಲ್ಲೆ ಇಟ್ಟಿ?” ಎಂದು ಕೇಳಿದಳು.

“ಬಾಗಲಾ ಇರೂದಿಲ್ಲ ಅಕ್ಕಾ. ಅದು ಹನಿ.”

“ಮನಿ ಅಂದೆಲಾ ಈಗ? ಬಾಗಲಾ ಇಲ್ಲದ ಮನಿ ಯಾರ ಕಟ್ತಾರ? ಆಕಿ ಅದನ್ನ ಹುಡಕಾಕತ್ತಾಳ, ನಿನಗ ಕಾಣವಲ್ದೇನ?”

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆಯಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ. “ಹುಚ್ಚೀ, ಬುದ್ಧಿ ಐತೇನ ನಿನಗ? ಅದು ಒಂದ ಕೋಶ. ಅದಕ್ಕ ಕಣ್ಣಿಲ್ಲ, ಮನಸ್ಸಿಲ್ಲ, ಹೆಸರಿಲ್ಲ. ಅದು ದೊಡ್ಡವ್ವ ಅಲ್ಲ!” ಎಂದು ಕೂಗಿಬಿಟ್ಟೆ. ಆಚೆಯ ಕೋಣೆಯಿಂದ ಜತೆಗಾರ್ತಿ ಇಣುಕಿದಳು.

ಅಕ್ಕ ಮೆಲ್ಲಗೆ ಕೇಳಿದಳು, “ಆಕಿ ಅಲ್ಲಂದ್ರ ಚೆಲ್ಲಾಕ ನಿನಗೇನ ಅಡ್ಡಿ?”

ಮೂರು ತಿಂಗಳ ಕೆಲಸ ಹಾಳಾಗುತ್ತದೆ ಎನ್ನಬಹುದಿತ್ತು. ಅದು ಖರೆ, ಆದರೆ ಉತ್ತರ ಅದಲ್ಲ. ಪ್ರತಿ ಮುಂಜಾನೆ ಆ ಪೆಟ್ಟಿಗೆಯ ಬಾಗಿಲು ತೆರೆದು ಆ ಬೆಚ್ಚನೆಯ ಗಾಳಿಗೆ ಮುಖವೊಡ್ಡಿ ನಾನು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆ. ಭಯವಾಗುತ್ತಿತ್ತು, ಆದರೂ ಮುಚ್ಚುತ್ತಿದ್ದೆ. ಅದನ್ನು ಯಾರಿಗೆ ಹೇಳಲಿ?

ಕೊಟ್ಟವರು, ಅವರಿಲ್ಲದಿದ್ದರೆ ಅವರ ಮಕ್ಕಳು, ಬೇಡವೆಂದರೆ ಎಲ್ಲವನ್ನೂ ನಾಶಮಾಡಬೇಕು. ಇದೂ ನಿಯಮವೇ. ಅಕ್ಕ ಒಂದು ಹಾಳೆಯ ಮೇಲೆ ಅರ್ಜಿ ಬರೆದಳು. ಅವಳ ಅಕ್ಷರ ದುಂಡಗೆ, ನನ್ನದಕ್ಕಿಂತ ಚಂದ. ನಮ್ಮ ಮುಖ್ಯಸ್ಥರು ಓದಿ, ನನ್ನನ್ನು ಕನ್ನಡಕದ ಮೇಲಿಂದ ದೀರ್ಘವಾಗಿ ನೋಡಿ, ಸಹಿ ಹಾಕಿದರು. ನಾನು ನಿಯಮ ಮುರಿದದ್ದು ಅವರಿಗೆ ಆಗಲೇ ತಿಳಿಯಿತು. ಆ ಬೈಗುಳದ ಕಥೆ ಇಲ್ಲಿ ಬೇಡ.

ಹನ್ನೊಂದರ ತಟ್ಟೆಗಳನ್ನೆಲ್ಲ ಹೊರತೆಗೆದೆ. ಮೆತ್ತನೆಯವು, ಬಿರುಸಾದವು, ಕಪ್ಪು ನುಚ್ಚು ಕಟ್ಟಿದವು. ಅಕ್ಕ ಗಾಜಿನ ಆಚೆ ನಿಂತು ನೋಡುತ್ತಿದ್ದಳು, ಜತೆಗಾರ್ತಿ ಅವಳ ಪಕ್ಕದಲ್ಲಿ. ನಾನು ಬ್ಲೀಚಿಂಗ್ ನೀರು ಸುರಿದೆ. ಗುಲಾಬಿ ಬಣ್ಣದ ನೀರು ಮೊದಲು ಹಳದಿಯಾಯಿತು, ಆಮೇಲೆ ಬಿಳಿಚಿತು. ಹನಿಗಳು ಒಂದರಮೇಲೊಂದು ಅಂಟಿಕೊಂಡು, ಅಂಚು ಕಳೆದುಕೊಂಡು, ಇಲ್ಲವಾದವು. ಕಪ್ಪು ನುಚ್ಚು ಮಾತ್ರ ತಳಕ್ಕೆ ಇಳಿದು ಬಹಳ ಹೊತ್ತು ಹಾಗೇ ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದಕ್ಕೆ ಬ್ಲೀಚಿಂಗ್ ವಾಸನೆ ಕಾರಣ ಎಂದು ಎಲ್ಲರೂ ತಿಳಿದರು.

“ಎಲ್ಲಾ ಆತಲಾ?” ಎಂದು ಅಕ್ಕ ಕೇಳಿದಳು.

“ಎಲ್ಲಾ ಆತು.”

“ಹಂಗಾದ್ರ ಜಳಕಾ ಮಾಡು. ಸೂತಕ ಇವತ್ತಿಗೆ ಮುಗೀತು ನಿನಗ.” ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟು, ಗಲ್ಲ ಸವರಿ ಹೋದಳು. ಮೂರನೆಯ ದಿನ ಫೋನ್ ಬಂತು. ಹಾಲು ಹೆಪ್ಪಾಗಿತ್ತು. “ಚಾಕುಲೆ ಕೊಯ್ಯಬೇಕ ತಂಗೀ, ಹಂಗ ಕುಂತೈತಿ! ಅವ್ವ ಹೋದ್ಲು, ಖರೇನ ಹೋದ್ಲು” ಎಂದು ನಗುತ್ತ ಅತ್ತಳು. 

ಈಗ ಯಾರಿಗೂ ಹೇಳದ ಮಾತು. ಯಾವ ಮಜ್ಜೆ ಬಂದರೂ ಮೊದಲ ವಾರವೇ ಅದರಲ್ಲಿ ಒಂದಿಷ್ಟನ್ನು ಸಣ್ಣ ಶೀಶೆಗಳಲ್ಲಿ ತುಂಬಿ ದ್ರವ ನೈಟ್ರೋಜನ್ನಿನ ಹಂಡೆಗೆ ಇಳಿಸುವುದು ನಮ್ಮ ಪದ್ಧತಿ. ಅಲ್ಲಿ ಕೋಶ ಬದುಕುವುದಿಲ್ಲ, ಸಾಯುವುದೂ ಇಲ್ಲ. ಎಷ್ಟು ವರ್ಷವಾದರೂ ಹಾಗೇ ಇರುತ್ತದೆ, ಬೆಚ್ಚಗೆ ಮಾಡಿದರೆ ಏಳುತ್ತದೆ. ಹನ್ನೊಂದರವು ಮೂರು ಶೀಶೆ ಇದ್ದವು. ಅಕ್ಕ ಬಸ್ಸು ಹತ್ತಿದ ಮೇಲೆ ಅವನ್ನು ತೆಗೆಯಲು ಹೋದೆ. ಎರಡನ್ನು ತೆಗೆದು ಬ್ಲೀಚಿಂಗ್ ನೀರಿಗೆ ಹಾಕಿದೆ. ಮೂರನೆಯದು ಕೈಗವಸಿನಲ್ಲಿತ್ತು, ಹೊಗೆಯಾಡುತ್ತಿತ್ತು. ಅದರ ಮೇಲಿನ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿ, ಯಾರಿಗೂ ಬೇಡವಾದ ಹಳೆಯ ಶೀಶೆಗಳ ಸಾಲಿನಲ್ಲಿ ಇಳಿಸಿಬಿಟ್ಟೆ.

“ಅಜ್ಜೀದು ಮೂರ ಇದ್ವಲಾ?” ಎಂದು ಜತೆಗಾರ್ತಿ ಕೇಳಿದಳು.

“ಎರಡ” ಎಂದೆ. ರಿಜಿಸ್ಟರಿನಲ್ಲಿ ಎಲ್ಲವೂ ನಾಶವಾಯಿತು ಎಂದು ಬರೆದು ಸಹಿ ಹಾಕಿದೆ.

ಯುಗಾದಿ ಕಳೆದು ಎರಡು ವಾರವಾಗಿತ್ತು. ಬೆಳಗಾವಿಯಲ್ಲಿ ಅಂಥ ಸೆಕೆ ನಾನು ಕಂಡಿರಲಿಲ್ಲ, ವಡಗಾವಿಯ ಮನೆಯಲ್ಲಿ ತಗಡಿನ ಮಾಡು ಕಾದು ಬೆಂಕಿ. ಭಾನುವಾರ ಮಧ್ಯಾಹ್ನ ಅಕ್ಕನ ಫೋನ್ ಬಂತು. ಹೊಲ, ಎಮ್ಮೆ, ಭಾವನ ಸೊಂಟನೋವು ಎಲ್ಲ ಆದ ಮೇಲೆ ದನಿ ತಗ್ಗಿಸಿದಳು.

“ತಂಗೀ, ಅವ್ವ ಕನಸಿನ್ಯಾಗ ಬರಾಕತ್ತಾಳ. ಮೂರ ದಿನಾ ಆತು. ಗ್ವಾಡಿ ಮುಟ್ಟೂದಿಲ್ಲ, ನಡ್ಯಾಡೂದಿಲ್ಲ, ಸುಮ್ಮ ನಿಂತಿರ್ತಾಳ. ಥಂಡಿ, ಭಾಳ ಥಂಡಿ ಅಂತಾಳ. ಇಂಥಾ ಬಿಸಲಾಗ ಎಲ್ಲೀ ಥಂಡಿ ಬೇ ಅಂತ ಕೇಳಿದ್ರ ಮಾತಾಡೂದಿಲ್ಲ. ಹುಬ್ಬಿನ ಮ್ಯಾಲೆಲ್ಲಾ ಬೆಳ್ಳಗ ಹಿಟ್ಟ ಹಿಟ್ಟ ಕುಂತಿರ್ತೈತಿ.”

ಅಕ್ಕನಿಗೆ ನೈಟ್ರೋಜನ್ ಎಂಬ ಶಬ್ದವನ್ನೇ ನಾನು ಹೇಳಿರಲಿಲ್ಲ. ಆ ಹಂಡೆ ಇರುವುದು ಹಿಂದಿನ ಕೋಣೆಯಲ್ಲಿ, ಅವಳು ಅದನ್ನು ಕಂಡೂ ಇಲ್ಲ.

“ಸತ್ತವರು ಬೇಡಿದ್ದು ಕೊಡಬೇಕಂತ. ಯಾರರ ಮುದುಕಿಗೆ ಒಂದ ಕಂಬಳಿ ಕೊಟ್ಟಬಿಡ್ಲೇನು?”

“ಕೊಡು” ಎಂದೆ. “ದಪ್ಪಂದು ಕೊಡು ಅಕ್ಕಾ.”

ಮರುದಿನ ಸೋಮವಾರ. ಹಂಡೆಗೆ ನೈಟ್ರೋಜನ್ ಸುರಿಯುವುದು ಸೋಮವಾರ, ಒಂದು ವಾರ ತಪ್ಪಿದರೆ ಒಳಗಿನದೆಲ್ಲ ಕರಗಿ ಹೋಗುತ್ತದೆ. ಈ ತಿಂಗಳು ಆ ಪಾಳಿ ನನ್ನದು. ಮುಚ್ಚಳ ತೆಗೆದಾಗ ಬಿಳಿ ಹೊಗೆ ಹೊರಬಂದು ಕಾಲಮೇಲೆ ಇಳಿಯಿತು. ಆ ಸಾಲಿಗೆ ಕೈ ಹಾಕಿ ಶೀಶೆಯನ್ನು ಮೇಲೆತ್ತಲು ಅರ್ಧ ನಿಮಿಷ ಸಾಕಿತ್ತು. ದೊಡ್ಡವ್ವಾ, ನನ್ನನ್ನು ಕ್ಷಮಿಸಬೇಡ. ನಾನು ಹಂಡೆಯನ್ನು ಕಂಠಮಟ್ಟ ತುಂಬಿಸಿ ಮುಚ್ಚಳ ಹಾಕಿದೆ.